ಗೆರೆಯಿಲ್ಲದ ಬಳೆ

ಹೊಟ್ಟೆಯೊಳಗಿನ ಕೂಸಿನ ಸುದ್ದಿ ಸರಕಾರಕ್ಕೆ ಗೊತ್ತಿರಬೇಕು, ಹೊತ್ತವಳಿಗೆ ಮಾತ್ರ ಗೊತ್ತಿರಬಾರದು. ಹೀಗೊಂದು ಕಾಯ್ದೆ ಬರೆಯಲು ಬುದ್ಧಿ ಇದ್ದರೆ ಸಾಲದು, ನಾಚಿಕೆಯನ್ನೂ ಬಿಟ್ಟಿರಬೇಕು. ಬಿಟ್ಟವರು ಇದ್ದರು, ಬರೆದರು. ಬರೆದು ಅದಕ್ಕೆ ‘ಮಾತೃಶಾಂತಿ ಕಾಯ್ದೆ’ ಎಂದು ಹೆಸರನ್ನೂ ಇಟ್ಟರು.

ಆ ಸುದ್ದಿ ಹೇಳುವ ಯಂತ್ರವನ್ನು ಕಟ್ಟಿದವಳು ಹುಬ್ಬಳ್ಳಿಯ ಡಾಕ್ಟರ್ ನೀಲಾಂಬಿಕಾ ಉಳ್ಳಾಗಡ್ಡಿ. ಯಂತ್ರದ ಹೆಸರು ಗರ್ಭವಾಚಕ. ಬಸುರಿಯ ರಕ್ತದಲ್ಲಿ ಕೂಸಿನ ಜೀವಕೋಶದ ಚೂರುಗಳು ತೇಲುತ್ತಿರುತ್ತವೆ. ಗರ್ಭವಾಚಕ ಆ ಚೂರುಗಳನ್ನು ಹೆಕ್ಕಿ ಜೋಡಿಸಿ, ಒಳಗೆ ಏನೇನು ಸರಿಯಾಗಿ ಕಟ್ಟಿಕೊಳ್ಳುತ್ತಿದೆ, ಎಲ್ಲಿ ತಪ್ಪಿದೆ ಎಂದು ಪರದೆಯ ಮೇಲೆ ಚಿತ್ರ ಬಿಡಿಸಿ ತೋರಿಸುತ್ತಿತ್ತು. ಬೇಗ ಗೊತ್ತಾದರೆ ಕೆಲವನ್ನು ಹೊಟ್ಟೆಯಲ್ಲಿದ್ದಾಗಲೇ ರಿಪೇರಿ ಮಾಡಬಹುದು. ಮಾಡಲಾಗದಿದ್ದರೆ ತಾಯಿ ಕಣ್ತೆರೆದು ತನ್ನ ದಾರಿ ತಾನೇ ಆರಿಸಿಕೊಳ್ಳಬಹುದು, ಇಟ್ಟುಕೊಳ್ಳುವುದಾದರೆ ತಯಾರಾಗಬಹುದು. ನೀಲಾಂಬಿಕಾಳ ಆಸೆ ಇದ್ದದ್ದು ಇಷ್ಟೇ.

ಆದರೆ ಆಳುವ ಪಕ್ಷದಲ್ಲಿ ಎರಡು ಬಣಗಳಿದ್ದವು. ಒಂದು ‘ಜೀವ ಬಣ’. ಗರ್ಭದಲ್ಲಿ ಬಂದದ್ದೆಲ್ಲ ದೇವರ ವರ, ಅದನ್ನು ತೆಗೆಸುವವಳು ಕೊಲೆಗಾತಿ ಎನ್ನುವವರು. ಇನ್ನೊಂದು ‘ಸದೃಢ ಬಣ’. ದೇಶಕ್ಕೆ ಗಟ್ಟಿಮುಟ್ಟಾದ ಮಕ್ಕಳು ಬೇಕು, ಕುಂಟರು ಕುರುಡರು ಖಜಾನೆಗೆ ಭಾರ ಎನ್ನುವವರು. ಒಂದೇ ಬಾವುಟದ ಕೆಳಗೆ ನಿಂತು ಎರಡೂ ಕಡೆಯವರು ವರ್ಷಗಟ್ಟಲೆ ಕೊರಳಪಟ್ಟಿ ಹಿಡಿದು ಜಗ್ಗಾಡಿದರು. ಕೊನೆಗೆ ರಾಜಿಯಾದರು. ಪರೀಕ್ಷೆ ಎಲ್ಲರಿಗೂ ಕಡ್ಡಾಯ, ಇದು ಸದೃಢ ಬಣಕ್ಕೆ ಸಂದದ್ದು. ಫಲಿತಾಂಶವನ್ನು ತಾಯಿಗೆ ಹೇಳಕೂಡದು, ಹೇಳಿದರೆ ತಾನೇ ತೆಗೆಸುವ ಮಾತು, ಇದು ಜೀವ ಬಣಕ್ಕೆ ಸಂದದ್ದು. ದೋಷ ಕಂಡ ಕೂಸು ಹುಟ್ಟಿದ ಮೇಲೆ ಅದಕ್ಕೆ ಸರಕಾರದ ಆರೋಗ್ಯ ಕಾರ್ಡಿಲ್ಲ, ಯಾಕೆಂದರೆ ಅದು ‘ಮೊದಲೇ ಗೊತ್ತಿದ್ದ ಕಾಯಿಲೆ’. ಇದಕ್ಕೆ ಮಾತ್ರ ಎರಡೂ ಬಣಗಳು ತಕರಾರಿಲ್ಲದೆ ಕೈಯೆತ್ತಿದವು. ಕಾಯ್ದೆ ಪಾಸಾದ ದಿನ ಎರಡೂ ಕಡೆಯವರು ಒಂದೇ ಅಂಗಡಿಯ ಪೇಡೆ ಹಂಚಿದರು.

ಹೆಣ್ಣೋ ಗಂಡೋ ಹೇಳಬಾರದು ಎಂಬ ಹಳೆಯ ಕಾಯ್ದೆ ಇತ್ತಲ್ಲ, ಇದೂ ಅದೇ ಥರ, ಕೂಸನ್ನು ಕಾಯುವುದಕ್ಕೇ ಎಂದು ಆಗ ನೀಲಾಂಬಿಕಾಳಿಗೆ ಹೇಳಿದ್ದರು. ಅವಳು ನಂಬಿದಳು. ಒಂದು ಮುಂಜಾನೆ ಇಬ್ಬರು ಕೆಲಸಗಾರರು ಅವಳ ಪರೀಕ್ಷಾ ಕೇಂದ್ರಕ್ಕೆ ಬಂದು ಗರ್ಭವಾಚಕದ ಪರದೆಯನ್ನು ತಾಯಿ ಕೂರುವ ಕುರ್ಚಿಗೆ ಬೆನ್ನು ಮಾಡಿ ತಿರುಗಿಸಿ, ಅಲುಗದಂತೆ ಗೋಡೆಗೆ ಬೋಲ್ಟ್ ಹಾಕಿ ಹೋದರು. ಅಂದಿನಿಂದ ಅವಳು ಪರದೆ ನೋಡುತ್ತಿದ್ದಳು, ತಾಯಂದಿರು ಪರದೆಯ ಬೆನ್ನು ನೋಡುತ್ತಿದ್ದರು.

ನಂಬಿಕೆ ಹರಿದದ್ದು ಫಕೀರವ್ವ ತಿರುಗಿ ಬಂದಾಗ. ಫಕೀರವ್ವ ಹಳೇ ಹುಬ್ಬಳ್ಳಿಯಲ್ಲಿ ಗಂಡನ ಜೊತೆ ಗ್ಯಾರೇಜು ನಡೆಸುವವಳು. ಉಗುರಿನ ಸಂದಿಯಲ್ಲಿ ಯಾವಾಗಲೂ ಎಣ್ಣೆಯ ಕರಿ. ಒಂಬತ್ತು ತಿಂಗಳು ಅದೇ ಕೈಯಲ್ಲಿ ಕೂಸಿನ ತಲೆಗೆಂದು ಕುಂಚಿಗೆ ಹೊಲಿದಿದ್ದಳು, ಗಂಡ ಹಳೆಯ ಪೈಪು ಬಗ್ಗಿಸಿ ತೊಟ್ಟಿಲು ಮಾಡಿದ್ದ. ಅವಳ ಕೂಸಿಗೆ ತಲೆಯ ಮೇಲ್ಭಾಗ ಬೆಳೆದೇ ಇರಲಿಲ್ಲ. ಹುಟ್ಟಿತು, ಸ್ವಲ್ಪ ಹೊತ್ತು ಉಸಿರಾಡಿತು, ಹೋಯಿತು. ಪರದೆಯ ಮೇಲೆ ಅದು ಮೂರನೆಯ ತಿಂಗಳಲ್ಲೇ ಕಂಡಿತ್ತು.

ಫಕೀರವ್ವ ಬಂದು ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿನ ಮೇಲೆ ಎರಡೂ ಕೈಯೂರಿ ನಿಂತಳು.

“ಬಾಯಾರ, ನಿಮಗ ಗೊತ್ತಿತ್ತೇನ್ರಿ?”

ನೀಲಾಂಬಿಕಾ ತಲೆ ತಗ್ಗಿಸಿ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದಳು.

“ಹೌದಂತರ ಅನ್ರಿ, ಇಲ್ಲಂತರ ಅನ್ರಿ. ನಾ ತೊಟ್ಟಲಾ ಕಟ್ಟೂ ಮುಂದ, ನೀವು ಇಲ್ಲೇ ಕುಂತು ನಕ್ಕೋತ ಮಾತಾಡಿದ್ರೆಲ್ಲಾ, ಆವಾಗ ಗೊತ್ತಿತ್ತೇನು?”

“ಹೇಳಾಕ ಕಾಯ್ದೆ ಬಿಡೂದಿಲ್ಲ ಫಕೀರವ್ವಾ.”

“ಕಾಯ್ದೆ ಹೊತ್ತಿತ್ತೇನ್ರಿ ಕೂಸನ್ನ? ನಾ ಹೊತ್ತಿದ್ದೆ. ತಿಳಿದಿದ್ರ ಇಟ್ಕೋತಿದ್ನೋ ತೆಗಸ್ತಿದ್ನೋ, ಅದು ನನಗ ಬಿಟ್ಟದ್ದು. ಬಡ್ಡೀಮಕ್ಳು ಕೇಳಬಾರದಾಗಿತ್ತೇನು ನನ್ನ?”

ಅಷ್ಟಂದು ಹೊರಟುಹೋದಳು. ಅವಳ ಕೈಯ ಎಣ್ಣೆಯ ಗುರುತು ಮೇಜಿನ ಮೇಲೆ ಉಳಿಯಿತು. ಒರೆಸಲು ಬಂದ ಆಯಾಳನ್ನು ನೀಲಾಂಬಿಕಾ ಗದರಿ ಕಳಿಸಿದಳು.

ಮನೆಗೆ ಬಂದರೆ ಅಲ್ಲಿ ಪಕ್ಷವೇ ಊಟಕ್ಕೆ ಕೂತಿರುತ್ತಿತ್ತು. ನೀಲಾಂಬಿಕಾಳ ಗಂಡ ಮಹಾಂತೇಶ ಜೀವ ಬಣದ ನಗರ ಕಾರ್ಯದರ್ಶಿ. ಅವನ ಅಣ್ಣ ಶಿವಪುತ್ರಪ್ಪ ಸದೃಢ ಬಣದ ಮುಖಂಡ. ಒಂದೇ ಮನೆ, ಒಂದೇ ಪಡಸಾಲೆ, ಒಂದೇ ಬುಟ್ಟಿಯ ರೊಟ್ಟಿ. ಅಣ್ಣ ಮುರಿದ ರೊಟ್ಟಿಗೆ ತಮ್ಮ ಎಣಗಾಯಿ ಬಡಿಸುತ್ತಿದ್ದ, ಬಡಿಸುತ್ತಲೇ ಬೈಯುತ್ತಿದ್ದ.

“ಅಣ್ಣಾ, ಅಂಥಾ ಮಕ್ಕಳೂ ದೇವ್ರ ಮಕ್ಕಳ.”

“ಹೌದಪಾ, ದೇವ್ರ ಮಕ್ಕಳು. ಅವ್ರ ಸಾಲಿ ಅನುದಾನ ನಿಂತಾಗ ನಿನ್ನ ಬಣ ಎಲ್ಲಿ ಹೋಗಿತ್ತು? ದೇವ್ರ ಕಡೆ ಇಸ್ಕೊಳ್ಳಾಕ?”

“ನಿಲ್ಲಿಸಿದವ್ರು ನೀವು!”

“ನಿಂತದ್ದು ನೋಡಿ ಚಪ್ಪಾಳಿ ತಟ್ಟಿದವ್ರು ನೀವು!”

ಇದು ದಿನದ ಜಾತ್ರೆ. ಇಬ್ಬರಲ್ಲಿ ಯಾರೊಬ್ಬರೂ ಯಾವ ಬಸುರಿಯನ್ನೂ ಒಂದು ಮಾತು ಕೇಳಿದವರಲ್ಲ. ನೀಲಾಂಬಿಕಾಳಿಗೆ ಇಬ್ಬರ ತಾಟನ್ನೂ ಕಸಿದು ಅಂಗಳಕ್ಕೆ ಎಸೆಯಬೇಕೆನಿಸುತ್ತಿತ್ತು. ಎಸೆಯದೆ ಇನ್ನೆರಡು ರೊಟ್ಟಿ ಬಡಿಯುತ್ತಿದ್ದಳು.

ಆ ಮನೆಯಲ್ಲಿ ಒಬ್ಬ ಬಸುರಿಯೂ ಇದ್ದಳು. ಶಿವಪುತ್ರಪ್ಪನ ಮಗಳು ದಾಕ್ಷಾಯಣಿ. ಹೆತ್ತ ತಾಯಿ ತೀರಿದ ಮೇಲೆ ಅವಳನ್ನು ಎತ್ತಿ ಬೆಳೆಸಿದವಳು ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ ನೀಲಾಂಬಿಕಾಳೇ. ದಾಕ್ಷಿಯ ಗಂಡ ಪ್ರಭುಲಿಂಗ ಸೈನ್ಯದಲ್ಲಿ ಗಡಿಯ ಕಡೆ ಇದ್ದುದರಿಂದ ಬಸುರಿನ ಮೊದಲಿನಿಂದಲೂ ತವರಲ್ಲೇ ಇದ್ದಳು. ಹುಣಸೆಕಾಯಿ ಕದ್ದು ತಿನ್ನುತ್ತ, ಕಾಕು ಬೈದರೆ ಹೊಟ್ಟೆ ತೋರಿಸಿ “ಇದು ಕೇಳಾಕತ್ತೈತಿ” ಎನ್ನುತ್ತಿದ್ದಳು.

ನಾಲ್ಕನೆಯ ತಿಂಗಳ ಪರೀಕ್ಷೆಯಲ್ಲಿ ದಾಕ್ಷಿಯ ಕೂಸಿನ ಬೆನ್ನು ಪರದೆಯ ಮೇಲೆ ಬಂತು. ಬೆನ್ನುಮೂಳೆ ಕೆಳಗೊಂದು ಕಡೆ ಮುಚ್ಚಿಕೊಂಡಿರಲಿಲ್ಲ. ಅಲ್ಲಿಂದ ಬೆನ್ನುಹುರಿ ಹೊರಗೆ ಉಬ್ಬಿತ್ತು. ನೀಲಾಂಬಿಕಾ ಯಂತ್ರವನ್ನು ಇನ್ನೊಮ್ಮೆ ಓಡಿಸಿದಳು. ಅದೇ ಬಂತು. ಹಾಗೇ ಬಿಟ್ಟರೆ ಆ ಕೂಸು ನಡೆಯುವುದು ಕಷ್ಟ, ತಲೆಯಲ್ಲಿ ನೀರೂ ತುಂಬಬಹುದು. ಆರನೆಯ ತಿಂಗಳು ತುಂಬುವುದರೊಳಗೆ ಗರ್ಭದಲ್ಲೇ ಆಪರೇಷನ್ ಮಾಡಿ ಮುಚ್ಚಿದರೆ ಬಹಳಷ್ಟು ಉಳಿಸಿಕೊಳ್ಳಬಹುದಿತ್ತು. ಅದಕ್ಕೆ ತಾಯಿ ಒಪ್ಪಬೇಕು. ಒಪ್ಪಲು ಅವಳಿಗೆ ಗೊತ್ತಿರಬೇಕು. ಗೊತ್ತುಮಾಡಿದವರಿಗೆ ಜೈಲು, ಕೇಂದ್ರಕ್ಕೆ ಬೀಗ. ಕೂಸನ್ನು ಉಳಿಸಲೆಂದು ಮಾಡಿದ ಕಾಯ್ದೆ ಕೂಸನ್ನೇ ಕುಂಟು ಮಾಡಲು ಕಾದು ಕೂತಿತ್ತು.

ಪರದೆಯ ಬೆನ್ನಿನ ಆಚೆ ಕೂತಿದ್ದ ದಾಕ್ಷಿ ಕತ್ತು ಉದ್ದ ಮಾಡಿದಳು.

“ಕಾಕು, ಹೆಂಗೈತಿ? ನನಗಷ್ಟ ಹೇಳು. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ.”

“ಎಲ್ಲಾ ಛಲೋ ಐತಿ” ಎಂದುಬಿಟ್ಟಳು ನೀಲಾಂಬಿಕಾ.

ಹೇಳಿದ ಕೂಡಲೇ ತನ್ನ ನಾಲಿಗೆಯ ಮೇಲೆ ಅವಳಿಗೇ ಅಸಹ್ಯ ಬಂತು. ಮನೆಯಲ್ಲಿ ಎರಡು ಸಲ ಹೇಳಲು ಹೋದಳು. ಎರಡು ಸಲವೂ ಫಕೀರವ್ವನ ಮುಖ ಎದುರಿಗೆ ಬಂತು. ಊರ ಹೆಣ್ಣುಮಕ್ಕಳಿಗೆ ಕಾಯ್ದೆ, ತನ್ನ ಮನೆಯ ಹುಡುಗಿಗೆ ಮಾತ್ರ ಗುಟ್ಟಿನಲ್ಲಿ ಸುದ್ದಿ ಎಂದಾದರೆ ಆ ಮೇಜಿನ ಮುಂದೆ ಮತ್ತೆ ಯಾವ ಮುಖ ಹೊತ್ತು ಕೂರುವುದು? ಹೇಳದಿದ್ದರೆ ಈ ಹುಡುಗಿಯ ಮುಖ ನೋಡುವುದು ಹೇಗೆ? ಹೀಗೆ ಹಿಂದೆ ಮುಂದೆ ನೋಡುವುದರಲ್ಲೇ ದಾಕ್ಷಿಗೆ ಐದನೆಯ ತಿಂಗಳು ಬಿತ್ತು.

ಅಷ್ಟರಲ್ಲಿ ಚುನಾವಣೆ ಹತ್ತಿರ ಬಂತು. ಪಕ್ಷ ಸಾಮೂಹಿಕ ಕುಬಸ ಮಾಡುವುದೆಂದು ತೀರ್ಮಾನಿಸಿತು. ಐದು ತಿಂಗಳಾದ ಬಸುರಿಯರನ್ನೆಲ್ಲ ಒಂದೇ ಪೆಂಡಾಲಿನಲ್ಲಿ ಕೂರಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ಫೋಟೋ ಹೊಡೆಸಿಕೊಳ್ಳುವುದು. ಅಲ್ಲಿಯೂ ಜಗಳ. ಅದೂ ನೀಲಾಂಬಿಕಾಳ ಪಡಸಾಲೆಯಲ್ಲೇ.

“ಬಸುರಿ ಅಂದ್ರ ಬಸುರಿ. ಎಲ್ಲಾರ್ಗೂ ಉಡಿ ತುಂಬಬೇಕು” ಎಂದ ಮಹಾಂತೇಶ.

“ತುಂಬೋಣ. ಆದ್ರ ರಾಜಧಾನಿಯಿಂದ ಹಿರಿಯರು ಬರ್ತಾರ. ದೋಷ ಇದ್ದವ್ರ ಜೋಡಿ ಅವ್ರ ಫೋಟೋ ಬರಬಾರದು. ಸದೃಢ ತಾಯಂದಿರಿಗೆ ಬ್ಯಾರೆ ಮರ್ಯಾದಿ ಆಗಬೇಕು” ಎಂದ ಶಿವಪುತ್ರಪ್ಪ.

ಚಹಾ ಮೂರು ಸಲ ಬಂತು. ಮೂರನೆಯ ಚಹಾಕ್ಕೆ ರಾಜಿಯಾಯಿತು. ಎಲ್ಲರಿಗೂ ಹಸಿರು ಬಳೆ. ಪರೀಕ್ಷೆಯಲ್ಲಿ ದೋಷವಿಲ್ಲದವರ ಬಳೆಗೆ ಬಂಗಾರದ ಗೆರೆ, ಉಳಿದವರ ಬಳೆ ಬರೀ ಹಸಿರು. ಫೋಟೋ ತೆಗೆಯುವವನಿಗೆ ಅದೇ ಗುರುತು. ಬಾಗಿಲಲ್ಲಿ ತಾಯಿ ಕಾರ್ಡು ತೋರಿಸಿದರೆ ಗರ್ಭವಾಚಕದಿಂದಲೇ ನೇರ ಸೂಚನೆ ಬಂದು ಎರಡು ದೀಪಗಳಲ್ಲಿ ಒಂದು ಹತ್ತಬೇಕು, ಆ ದೀಪ ನೋಡಿ ಕಾರ್ಯಕರ್ತರು ಬಳೆಯ ಡಬ್ಬಿ ಕೊಡುತ್ತಾರೆ. ಯಾರ ಬಾಯಿಗೂ ಸುದ್ದಿ ಬರುವುದಿಲ್ಲ, ಹಾಗಾಗಿ ಕಾಯ್ದೆಯೂ ಮುರಿಯುವುದಿಲ್ಲ. ಇಬ್ಬರೂ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು.

“ನೀಲಾ, ಆ ಜೋಡಣಿ ನೀ ಮಾಡಿಕೊಡಬೇಕವಾ” ಎಂದ ಶಿವಪುತ್ರಪ್ಪ.

ನೀಲಾಂಬಿಕಾಳ ತಲೆ ಸಿಡಿಯಿತು. ಬಾಯಿಗೆ ಬಂದದ್ದನ್ನು ನುಂಗಿ, “ಭಾವಾರ, ಹೆಣ್ಮಕ್ಕಳಿಗೆ ತಿಳಿಯೂದಿಲ್ಲೇನ್ರಿ?” ಎಂದು ಕೇಳಿದಳು.

ಅವನು ನಕ್ಕ. ತಮ್ಮನೂ ನಕ್ಕು ಹೆಂಡತಿಗೆ ಹೇಳಿದ. “ಬಳಿ ನೋಡಿ ಏನು ತಿಳೀತದ ಹುಚ್ಚಿ? ಬಳಿ ಅಂದ್ರ ಬಳಿ.”

ಅವಳು ಇಬ್ಬರನ್ನೂ ನೋಡಿದಳು. ಇವರ ಅವ್ವ, ಅಕ್ಕತಂಗಿಯರು, ಹೆಂಡಂದಿರು ಇವರ ಕಣ್ಣೆದುರಿಗೇ ಜೀವನವಿಡೀ ಬಳೆ ಇಟ್ಟುಕೊಂಡಿದ್ದರು. ಪಕ್ಕದವಳ ಕೈ ಹಿಡಿದು ತಿರುಗಿಸಿ, ಯಾವ ಬಣ್ಣ, ಯಾವ ಚುಕ್ಕಿ, ಎಲ್ಲಿ ಕೊಂಡದ್ದು, ನನಗ್ಯಾಕೆ ಇದು ಸಿಗಲಿಲ್ಲ ಎಂದು ಕೇಳದ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಇದು ಈ ಗಂಡಸರಿಗೆ ಗೊತ್ತೇ ಇಲ್ಲ. ನೋಡಿದ್ದರೆ ತಾನೇ ಗೊತ್ತಾಗುವುದು.

ಒಲ್ಲೆ ಎನ್ನಲು ತೆರೆದ ಬಾಯಿಯಿಂದ ಬೇರೆ ಮಾತು ಬಂತು. “ಆಗ್ಲಿ ಭಾವಾರ. ಮಾಡಿಕೊಡ್ತೀನಿ.”

ಇದು ಕ್ರೂರವೆಂದು ಅವಳಿಗೆ ಗೊತ್ತಿತ್ತು. ಇಂಥ ಸುದ್ದಿ ಪೆಂಡಾಲಿನಲ್ಲಿ ತಿಳಿಯಬಾರದು, ಬಾಗಿಲು ಹಾಕಿ, ಕೈ ಹಿಡಿದು, ಪಕ್ಕದಲ್ಲಿ ಕೂತು ಹೇಳಬೇಕು. ಹಾಗೆ ಹೇಳುವ ಬಾಗಿಲನ್ನು ಇವರೇ ಮುಚ್ಚಿದ್ದರು. ಈಗ ಇವರೇ ಇನ್ನೊಂದು ಬಾಗಿಲು ಒಡೆಯಲು ಹೊರಟಿದ್ದರೆ ಅವಳು ಅಡ್ಡ ನಿಲ್ಲುವವಳಲ್ಲ.

ಕುಬಸದ ದಿನ ಪೆಂಡಾಲು ತುಂಬಿತ್ತು. ಸಾಲು ಸಾಲಾಗಿ ಹಾಸಿದ ಜಮಖಾನೆಯ ಮೇಲೆ ಬಸುರಿಯರು, ಅವರ ಮುಂದೆ ಬಳೆಗಾರರು. ಮೈಕಿನಲ್ಲಿ ಸೋಬಾನೆ. ನೀಲಾಂಬಿಕಾ ವೇದಿಕೆಯ ಪಕ್ಕ ನಿಂತು ನೋಡುತ್ತಿದ್ದಳು. ಅವಳು ಎಣಿಸಿದಂತೆಯೇ ಆಯಿತು. ಬಳೆ ಏರಿದ ಕೂಡಲೇ ಕೈಗಳು ಪಕ್ಕಕ್ಕೆ ಹೊರಳಿದವು.

“ನಿನ್ನವಕ್ಕ ಗೆರಿ ಅದಾವಲ್ಲಾ. ನನ್ನವಕ್ಕ ಇಲ್ಲ.”

“ಆಕಿಗೂ ಇಲ್ಲ ನೋಡು. ಯಾಕಂತ?”

“ಕೇಳ್ರಿ ಅವ್ರನ್ನ. ಒಬ್ಬರಿಗೊಂದು ಒಬ್ಬರಿಗೊಂದು ಕೊಡ್ತಾರೇನು?”

ಗುಸುಗುಸು ಸಾಲಿನಿಂದ ಸಾಲಿಗೆ ಹರಿಯಿತು. ಕಾರ್ಯಕರ್ತರು “ಸ್ಟಾಕ್ ಮುಗಿದೈತ್ರಿ” ಎಂದು ಬೆವರು ಒರೆಸಿಕೊಳ್ಳುತ್ತ ಓಡಾಡಿದರು. ಯಾರೂ ನಂಬಲಿಲ್ಲ.

ಆಗ ವೇದಿಕೆಯ ಮೇಲೆ ಫೋಟೋದ ಹೊತ್ತು ಬಂತು. ರಾಜಧಾನಿಯ ಹಿರಿಯರ ಪಕ್ಕದಲ್ಲಿ ತನ್ನ ಮಗಳೇ ನಿಲ್ಲಬೇಕೆಂದು ಶಿವಪುತ್ರಪ್ಪನ ಆಸೆ. ದಾಕ್ಷಿಯನ್ನು ಮೇಲೆ ಕರೆಸಿದ. ಅವಳ ಕೈ ಹಿಡಿದು ಕ್ಯಾಮೆರಾದ ಮುಂದೆ ಎತ್ತಿದ. ಎತ್ತಿದವನು ಬಳೆ ನೋಡಿದ. ಬರೀ ಹಸಿರು. ಅವನ ಅಂಗಿಯ ಕಾಲರಿಗೆ ಭಾಷಣದ ಮೈಕು ಇನ್ನೂ ಸಿಕ್ಕಿಸಿಯೇ ಇತ್ತು.

“ಏ, ಯಾವನಲೇ ಅವ, ನನ್ನ ಮಗಳಿಗೆ ಈ ಬಳಿ ಹಾಕಿದಾವ? ತಗೀರಿ ಇವನ್ನ! ಇವು ದೋಷ ಇದ್ದ ಕೂಸಿನವ್ರ ಬಳಿ!”

ನಾಲ್ಕೂ ಮೂಲೆಯ ಸ್ಪೀಕರುಗಳು ಅದನ್ನು ಇಡೀ ಮೈದಾನಕ್ಕೆ ಹೇಳಿದವು.

ಸೋಬಾನೆ ನಿಂತಿತು. ಪೆಂಡಾಲಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ತಮ್ಮ ತಮ್ಮ ಕೈ ನೋಡಿಕೊಂಡರು. ಎಲ್ಲೋ ಒಬ್ಬಳು ಕಿರುಚಿದಳು. ಇನ್ನೊಬ್ಬಳು ತುಂಬಿದ ಉಡಿಯನ್ನು ಹಾಗೇ ಬಿಗಿಯಾಗಿ ಹಿಡಿದು ಎದ್ದು ನಿಂತಳು, ಯಾರಾದರೂ ಕಸಿದುಕೊಂಡಾರೆಂಬಂತೆ. ಹಿರಿಯರು ಮೆಲ್ಲಗೆ ಮೆಟ್ಟಿಲಿಳಿದು ಕಾರಿನ ಕಡೆ ನಡೆದರು.

ದಾಕ್ಷಿ ಅಪ್ಪನ ಕೈ ಕೊಡವಿಕೊಂಡು ವೇದಿಕೆಯ ಅಂಚಿಗೆ ಬಂದಳು.

“ಕಾಕು, ನಿನಗ ಗೊತ್ತಿತ್ತೇನು?”

ಅದೇ ಪ್ರಶ್ನೆ. ಈ ಸಲ ನೀಲಾಂಬಿಕಾ ತಲೆ ತಗ್ಗಿಸಲಿಲ್ಲ.

“ಗೊತ್ತಿತ್ತು. ಸುಳ್ಳ ಹೇಳಿದೆ. ಕೂಸಿನ ಬೆನ್ನಾಗ ತೊಂದ್ರಿ ಐತಿ ದಾಕ್ಷಿ. ಆಪರೇಷನ್ ಮಾಡಾಕ ಇನ್ನೂ ವ್ಯಾಳ್ಯಾ ಐತಿ. ಪೂರಾ ಹೇಳ್ತೀನಿ, ನಡಿ.” ಆಮೇಲೆ ಜಮಖಾನೆಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದಳು. “ಗೆರಿ ಇಲ್ಲದ ಬಳಿ ಇದ್ದವ್ರೆಲ್ಲಾ ಕೇಂದ್ರಕ್ಕ ಬರ್ರಿ! ಒಬ್ಬೊಬ್ಬರಿಗೂ ಕುಂತು ಹೇಳ್ತೀನಿ!”

ಕಾರಿನಲ್ಲಿ ಗಂಡಸರಿಬ್ಬರು ಮುಂದೆ, ಹೆಂಗಸರಿಬ್ಬರು ಹಿಂದೆ. ಮಹಾಂತೇಶ ಕಾರು ನಡೆಸುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಅವನು ಅಣ್ಣನ ಕಡೆ ವಾಲಿದ.

“ಅಣ್ಣಾ, ಬ್ಯಾರೆ ರಾಜ್ಯದಾಗ ನನಗ ಗೊತ್ತಿದ್ದ ಡಾಕ್ಟರ್ ಅದಾನ. ಸುದ್ದಿ ಹೊರಗ ಬರೂದಿಲ್ಲ. ನಾಳೆ ಹೋಗಿ ಮುಗಿಸಿಕೊಂಡ ಬಂದ್ರ...”

“ಏನ್ ಮುಗಸ್ತೀಲೇ?” ಶಿವಪುತ್ರಪ್ಪ ಒಮ್ಮೆಲೇ ಅಬ್ಬರಿಸಿದ. “ನನ್ನ ಮೊಮ್ಮಗ ಅದು! ಜೀವ ಅಲ್ಲೇನದು? ಕುಂಟಾದ್ರ ಹೊತ್ಕೊಂಡ ತಿರಗ್ತೀನಿ!”

“ಖಜಾನಿಗೆ ಭಾರ ಅಂತಿದ್ದೆಲ್ಲಾ!”

“ಕೊಲಿ ಅಂತಿದ್ದೆಲ್ಲಾ ನೀ!”

ನೀಲಾಂಬಿಕಾಳಿಗೆ ನಗು ಬಂತು, ಹೇಸಿಗೆಯ ನಗು. ಇಷ್ಟು ವರ್ಷ ಇವರು ಊರಿಗೆಲ್ಲ ಹಂಚಿದ ತತ್ವ ಸ್ವಂತ ಮನೆಯ ಬಾಗಿಲಿಗೆ ಬಂದಾಗ ಒಂದು ಕಿಲೋಮೀಟರೂ ಬಾಳಲಿಲ್ಲ. ಅದಕ್ಕಿಂತ ಹೇಸಿಗೆಯ ಸಂಗತಿ ಇನ್ನೊಂದಿತ್ತು. ಬಣ ಬದಲಾಗಿತ್ತು, ಚಾಳಿ ಬದಲಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತವಳ ಕಡೆ ಇಬ್ಬರೂ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

“ಗಾಡಿ ನಿಲ್ಲಿಸು ಕಾಕಾ” ಎಂದಳು ದಾಕ್ಷಿ.

“ಯಾಕವಾ? ಹೊಟ್ಟಿ ನೋವೇನು?”

“ನಿಲ್ಲಿಸಂದ್ರ ನಿಲ್ಲಿಸು!”

ಕಾರು ರಸ್ತೆಯ ಬದಿಗೆ ನಿಂತಿತು. ದಾಕ್ಷಿ ಇಳಿದು ಮುಂದಿನ ಎರಡೂ ಬಾಗಿಲು ತೆಗೆದಳು.

“ಇಳೀರಿ ಇಬ್ಬರೂ. ನನ್ನ ಹೊಟ್ಟ್ಯಾಗ ಕುಂತು ಪಕ್ಷ ನಡಸಬ್ಯಾಡ್ರಿ. ಇಳೀರಿ!”

ಪಕ್ಷದ ಶಾಲು ಹೊದ್ದ ಅಣ್ಣತಮ್ಮಂದಿರು ನಡುಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆಯ ಮೇಲೆ ಇಳಿದರು. ನೀಲಾಂಬಿಕಾ ಸ್ಟಿಯರಿಂಗ್ ಹಿಡಿದಳು. ಕಾರು ಹೊರಡುವ ಮೊದಲು ಫೋನೆತ್ತಿ ಒಂದೇ ಮಾತು ಹೇಳಿದಳು. “ಫಕೀರವ್ವಾ, ನಿನ್ನ ಗ್ಯಾರೇಜಿನ ದೊಡ್ಡ ಪಾನಾ ತಗೊಂಡು ಕೇಂದ್ರಕ್ಕ ಬಾರವಾ.”

ದಾರಿಯುದ್ದಕ್ಕೂ ದಾಕ್ಷಿ ಕೈಯ ಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದಳು. ಕೊನೆಗೊಮ್ಮೆ, “ನೀನೂ ಅವ್ರ ಜೋಡಿನ ಇದ್ದಿ ಕಾಕು” ಎಂದಳು. ನೀಲಾಂಬಿಕಾ “ಹೌದು” ಎಂದಳು.

ಕೇಂದ್ರದ ಮುಂದೆ ಆಗಲೇ ಹೆಂಗಸರು ನೆರೆದಿದ್ದರು. ಸೆರಗಿನಲ್ಲಿ ಉಡಿ ಅಕ್ಕಿ, ತೆಂಗಿನಕಾಯಿ, ಕೈತುಂಬ ಬರೀ ಹಸಿರು ಬಳೆ. ಕೆಲವರ ಅತ್ತೆಯಂದಿರು ಜೊತೆಗಿದ್ದರು, ಕೆಲವರು ಒಬ್ಬರೇ. ಬಾಗಿಲ ಕಾವಲುಗಾರ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ತಿಳಿಯದೆ ನಿಂತಿದ್ದ. ಅವರು ಕೈಯೆತ್ತಿ ಬಳೆ ತೋರಿಸಿದರು. ಅವನು ಸರಿದು ನಿಂತ.

ಒಳಗೆ ಫಕೀರವ್ವ ಆಗಲೇ ಪಾನಾ ಹಿಡಿದು ಗೋಡೆಯ ಬೋಲ್ಟನ್ನು ಕೆಕ್ಕರಿಸಿ ನೋಡುತ್ತಿದ್ದಳು.

“ಇದನ್ನೇನ್ರಿ ಬಾಯಾರ?”

“ಅದನ್ನ.”

“ನಿಮಗ ಜೇಲ್ ಆಗ್ತೈತಿ.”

“ಆಗ್ಲಿ. ಪೊಲೀಸರು ಬರೂದ್ರಾಗ ಎಷ್ಟು ಮಂದಿಗೆ ಹೇಳಾಕ ಆಗ್ತೈತಿ, ಅಷ್ಟು ಮಂದಿಗೆ ಹೇಳ್ತೀನಿ.”

ಬೋಲ್ಟು ತುಕ್ಕು ಹಿಡಿದಿತ್ತು. ಫಕೀರವ್ವ ಗೋಡೆಗೆ ಕಾಲು ಕೊಟ್ಟು ಜಗ್ಗಿದಳು. ನೀಲಾಂಬಿಕಾಳೂ ಅವಳ ಕೈಯ ಮೇಲೆ ಕೈಯಿಟ್ಟು ಜಗ್ಗಿದಳು. ಅದು ಕಿರ್ರೆಂದು ಅರಚಿ ಸಡಿಲವಾಯಿತು. ಇಬ್ಬರೂ ಸೇರಿ ಪರದೆಯನ್ನು ಕುರ್ಚಿಯ ಕಡೆ ತಿರುಗಿಸಿದರು. ನೀಲಾಂಬಿಕಾ ದಾಕ್ಷಿಯ ಪರೀಕ್ಷೆಯ ಚಿತ್ರ ತೆರೆದಳು. ಪರದೆಯ ಮೇಲೆ ಸಣ್ಣದೊಂದು ಬೆನ್ನು, ಬಾಗಿ ಮಲಗಿತ್ತು.

ದಾಕ್ಷಾಯಣಿ ಬಹಳ ಹೊತ್ತು ಅದನ್ನು ನೋಡಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಕೂತಳು.

“ಈಗ ಹೇಳು. ಒಂದೂ ಬಿಡಬ್ಯಾಡ. ಏನ್ ಮಾಡೂದಂತ ನೀ ಹೇಳಬ್ಯಾಡ, ಅದನ್ನ ನಾ ಹೇಳ್ತೀನಿ.”